ವ್ಯಾಪಾರ ಮಾಡದ ಗಾಳಿ

— ಅಂತಿಮ ಬಿ.ಎ. ವಿದ್ಯಾರ್ಥಿ

'ವಾಣಿಜ್ಯ ಮಾರುತ' ಎಂಬ ಮಾತನ್ನು ಬಾಯಿಪಾಠ ಮಾಡದೆ ಭೂಗೋಳದ ಪರೀಕ್ಷೆಯನ್ನು ದಾಟಿದ ಕನ್ನಡ ವಿದ್ಯಾರ್ಥಿ ಇರಲಾರ. ಹೈಸ್ಕೂಲಿನಲ್ಲಿ ಅದನ್ನು ಮೊದಲು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಊರಿನ ಸಂತೆ. ಗಾಳಿಯೂ ತಲೆಯ ಮೇಲೆ ಗಂಟು ಹೊತ್ತು, ಕೈಯಲ್ಲಿ ತಕ್ಕಡಿ ಹಿಡಿದು ಹೊರಟಂತೆ ಒಂದು ಚಿತ್ರ! ಹಡಗಿನ ವರ್ತಕರಿಗೆ ನೆರವಾದ ಗಾಳಿಯಾದ್ದರಿಂದ ಆ ಹೆಸರು ಎಂದು ಮೇಷ್ಟ್ರು ಹೇಳಿದರು; ನಾವು ಬರೆದುಕೊಂಡೆವು. ಕಾಲೇಜಿನ ವಾಚನಾಲಯದಲ್ಲಿ ದೊಡ್ಡ ನಿಘಂಟೊಂದನ್ನು ತಿರುವಿದಾಗ ತಿಳಿದ ಸಂಗತಿಯೇ ಬೇರೆ. ಇಂಗ್ಲಿಷಿನ 'ಟ್ರೇಡ್' ಶಬ್ದಕ್ಕೆ ಹಿಂದೆ ಜಾಡು, ಹಾದಿ ಎಂಬ ಅರ್ಥವಿತ್ತು. ಒಂದೇ ಜಾಡು ಹಿಡಿದು ಬೀಸುವ ಗಾಳಿ ಎಂಬುದೇ ಆ ಹೆಸರಿನ ಮೂಲ. ವ್ಯಾಪಾರದ ಅರ್ಥ ಆಮೇಲೆ ಬಂದು ಸೇರಿಕೊಂಡಿತು. ನಾವು ಆ ಎರಡನೆಯ ಅರ್ಥವನ್ನೇ ಕನ್ನಡಿಸಿ, ಪಾಪ, ದಾರಿಹೋಕನಾದ ಗಾಳಿಯನ್ನು ಅಂಗಡಿಯಲ್ಲಿ ಕೂರಿಸಿಬಿಟ್ಟೆವು!

ಈ ಜಾಡಿನ ಗಾಳಿಯ ಗುಟ್ಟನ್ನು ಬಿಡಿಸಲು ಪಂಡಿತರು ಬಹಳ ಕಷ್ಟಪಟ್ಟಿದ್ದಾರೆ. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ 1686ರಲ್ಲಿಯೇ ಈ ಗಾಳಿಗಳನ್ನೂ ನಮ್ಮ ಮುಂಗಾರಿನ ಗಾಳಿಯನ್ನೂ ಒಂದೇ ಲೇಖನದಲ್ಲಿ ವಿವರಿಸಿ, ನಕ್ಷೆಯನ್ನೂ ಬರೆದ. ಬಿಸಿಲಿಗೆ ಕಾದ ಗಾಳಿ ಮೇಲೇಳುತ್ತದೆ, ಅದರ ಜಾಗಕ್ಕೆ ಬೇರೆ ಗಾಳಿ ನುಗ್ಗುತ್ತದೆ ಎಂದ. ಆದರೆ ಅದು ಓರೆಯಾಗಿ ಏಕೆ ನುಗ್ಗಬೇಕು? 1735ರಲ್ಲಿ ಜಾರ್ಜ್ ಹ್ಯಾಡ್ಲಿ ಎಂಬಾತ, ಕೆಳಗೆ ಭೂಮಿ ತಿರುಗುತ್ತಿರುವುದನ್ನು ಮರೆಯಬೇಡಿ ಎಂದು ಉತ್ತರ ಕೊಟ್ಟ. ಆದ್ದರಿಂದಲೇ ಉತ್ತರಾರ್ಧ ಗೋಳದಲ್ಲಿ ಈ ಗಾಳಿ ಈಶಾನ್ಯದಿಂದಲೂ, ದಕ್ಷಿಣಾರ್ಧ ಗೋಳದಲ್ಲಿ ಆಗ್ನೇಯದಿಂದಲೂ ಬೀಸುತ್ತದೆ.

ಈ ಗಾಳಿ ಅತಿಥಿಯಾಗಿ ಬಂದು ಮನೆಯವನೇ ಆಗಿಬಿಟ್ಟ ಒಂದು ಸ್ಥಳವಿದೆ. ಅದು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಸಮೂಹ. ನಾನು ಅದನ್ನು ಕಂಡವನಲ್ಲ. ಸಮುದ್ರವನ್ನು ಕಂಡದ್ದೇ ಒಮ್ಮೆ, ಕಾಲೇಜಿನ ಪ್ರವಾಸದಲ್ಲಿ. ಆದರೂ ಈ ಮೂರು ವರ್ಷಗಳಲ್ಲಿ ಆ ದ್ವೀಪಗಳ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಹವಾಯಿಯ ಮಳೆ ನಮ್ಮ ಮಳೆಯಂತೆ ಅಬ್ಬರದ್ದಲ್ಲ. ಈಶಾನ್ಯದಿಂದ ಬರುವ ಗಾಳಿ ಸಾವಿರಾರು ಮೈಲಿ ಕಡಲ ಮೇಲೆ ನಡೆದು ತೇವವನ್ನು ಹೊತ್ತಿರುತ್ತದೆ. ಆದರೆ ಸುಮಾರು 2000 ಮೀಟರ್ ಎತ್ತರದಲ್ಲಿ ಬೆಚ್ಚನೆಯ ಒಣಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿರುತ್ತದೆ. ಮೋಡ ಆ ಮುಚ್ಚಳವನ್ನು ಒಡೆದು ಮೇಲಕ್ಕೆ ಬೆಳೆಯಲಾರದು. ಆದ್ದರಿಂದ ಸಿಡಿಲಿಲ್ಲ, ಗುಡುಗಿಲ್ಲ. ಹತ್ತಿಯ ಹಿಂಜಿನಂಥ ಮೋಡ ಬರುತ್ತದೆ, ನಾಲ್ಕು ನಿಮಿಷ ಹನಿ ಉದುರಿಸುತ್ತದೆ, ಹೋಗುತ್ತದೆ. ರಾತ್ರಿಯಲ್ಲಿ, ಬೆಳಗಿನ ಜಾವದಲ್ಲಿ ಇದು ಹೆಚ್ಚು. ಒಂದು ಕಡೆ ಬಿಸಿಲು, ಒಂದು ಕಡೆ ಹನಿ, ನಡುವೆ ಕಾಮನಬಿಲ್ಲು. ಆ ನಾಡಿನವರು ತಮ್ಮ ಮೋಟಾರುಗಳ ನಂಬರು ಹಲಗೆಯ ಮೇಲೂ ಕಾಮನಬಿಲ್ಲನ್ನೇ ಬರೆಸಿಕೊಂಡಿದ್ದಾರೆ ಎಂದರೆ ಅದರ ಬಳಕೆ ಎಷ್ಟಿರಬೇಕು! ಆ ಮುಚ್ಚಳದ ಮೇಲಕ್ಕೆ ತಲೆಯೆತ್ತಿರುವ ಮೌನಾ ಕೆಯಾ ಪರ್ವತದ ನೆತ್ತಿ 4200 ಮೀಟರ್ ಎತ್ತರದಲ್ಲಿದೆ. ಅಲ್ಲಿ ಆಕಾಶ ಶುಭ್ರ, ಗಾಳಿ ಒಣ. ಅದಕ್ಕೇ ಖಗೋಳ ವಿಜ್ಞಾನಿಗಳು ತಮ್ಮ ದೊಡ್ಡ ದೊಡ್ಡ ದೂರದರ್ಶಕಗಳನ್ನು ಅಲ್ಲಿ ನಿಲ್ಲಿಸಿದ್ದಾರೆ.

ಸುತ್ತಲಿನ ಬಯಲು ಕಡಲಿನ ಮೇಲೆ ವರ್ಷಕ್ಕೆ ಬೀಳುವುದು ಇಪ್ಪತ್ತೈದು ಮೂವತ್ತು ಅಂಗುಲ ಮಳೆ ಮಾತ್ರ. ಉಳಿದುದೆಲ್ಲ ಬೆಟ್ಟದ ಕೃಪೆ. ಗಾಳಿ ಬೆಟ್ಟಕ್ಕೆ ತಗಲಿ, ಏರಿ, ತಣಿದು, ಹೊತ್ತದ್ದನ್ನು ಅಲ್ಲಿಯೇ ಇಳಿಸುತ್ತದೆ. ಕವಾಯಿ ದ್ವೀಪದ ವೈಯಾಲೆಯಾಲೆ ಎಂಬ ಶಿಖರದ ಮೇಲೆ ವರ್ಷಕ್ಕೆ ಸುಮಾರು 10,000 ಮಿಲಿಮೀಟರ್ ಮಳೆ. ಅಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಆಚೆ, ಬೆಟ್ಟದ ಮರೆಯಲ್ಲಿರುವ ಕೆಕಾಹ ಎಂಬ ಊರಿನಲ್ಲಿ ಸುಮಾರು 500! ಒಂದೇ ದ್ವೀಪ, ಒಂದೇ ಗಾಳಿ, ಒಂದೇ ಬೆಟ್ಟ. ಹವಾಯಿ ಭಾಷೆಯಲ್ಲಿ ಗಾಳಿಗೆ ಎದೆಯೊಡ್ಡಿದ ಸೀಮೆಗೆ 'ಕೊಒಲೌ' ಎಂದೂ, ಬೆನ್ನ ಹಿಂದಿನ ಸೀಮೆಗೆ 'ಕೊನ' ಎಂದೂ ಹೆಸರು. ಹುಟ್ಟಿದ ಮಗು ಎದೆಯ ಕಡೆಗೆ ಹುಟ್ಟಿತೋ ಬೆನ್ನಿನ ಕಡೆಗೆ ಹುಟ್ಟಿತೋ ಎಂಬುದರ ಮೇಲೆ ಅದರ ಗದ್ದೆ, ಊಟ, ಹಾಡು ಎಲ್ಲವೂ ನಿಂತಿದ್ದವು.

ಈಗ ನನ್ನ ಕಾರಣವನ್ನು ಹೇಳಬಹುದು. ನಾನು ಬೆನ್ನಿನ ಕಡೆಗೆ ಹುಟ್ಟಿದವನು. ಚಳ್ಳಕೆರೆಯ ಸೀಮೆ ನನ್ನದು. ಕೆಕಾಹದ ಮಳೆಯ ಲೆಕ್ಕ ಓದಿದಾಗ, ಅದು ನಮ್ಮ ಸೀಮೆಯ ಮಳೆಗೆ ಹತ್ತಿರವೇ ಎಂದು ಕಂಡು ನನಗೆ ಯಾರೋ ದೂರದ ನಂಟರ ಕಾಗದ ಬಂದಂತಾಯಿತು. ನಮಗೂ ಅವರಿಗೂ ಇರುವ ನಂಟು ಬರಿಯ ಹೋಲಿಕೆಯದಲ್ಲ. ದಕ್ಷಿಣಾರ್ಧ ಗೋಳದ ಆ ಆಗ್ನೇಯದ ಜಾಡುಗಾಳಿಯೇ ಬೇಸಿಗೆಯಲ್ಲಿ ಸಮಭಾಜಕ ವೃತ್ತವನ್ನು ದಾಟಿ, ಬಲಕ್ಕೆ ಹೊರಳಿ, ನೈಋತ್ಯದ ಮುಂಗಾರಾಗಿ ನಮ್ಮ ಕರಾವಳಿಗೆ ಬರುತ್ತದೆ. ಸಹ್ಯಾದ್ರಿ ನಮ್ಮ ಕೊಒಲೌ. ಆಗುಂಬೆಯಲ್ಲಿ ಸರಾಸರಿ 7000 ಮಿಲಿಮೀಟರ್ ದಾಟುವ ಮಳೆ, ಹಕ್ಕಿ ಹಾರುವ ದಾರಿಯಲ್ಲಿ ಇನ್ನೂರು ಕಿಲೋಮೀಟರ್ ಈಚೆಗೆ ನಮ್ಮಲ್ಲಿಗೆ ಬರುವಷ್ಟರಲ್ಲಿ 500ನ್ನೂ ಮುಟ್ಟುವುದಿಲ್ಲ.

ಇನ್ನೊಂದು ನಂಟು ಹೆಸರುಗಳದ್ದು. ಹವಾಯಿಯವರು ಮಳೆಗೆ ನೂರಾರು ಹೆಸರಿಟ್ಟಿದ್ದಾರೆ. ಮಾನೋವ ಕಣಿವೆಯ ಮಳೆ 'ತುವಾಹಿನೆ'. ಹಿಲೋ ಪಟ್ಟಣದ್ದು, ಲೆಹುವ ಹೂವಿನ ಸಂಗಡ ಸೇರಿದ 'ಕನಿಲೆಹುವ'. ವೈಮೆಯಾದ ಕೊರೆಯುವ ಮಳೆ 'ಕಿಪುವುಪುವು'. ಅವರು ಮಳೆಯನ್ನು ಊರಿನಿಂದ ಗುರುತಿಸಿದರು. ನಾವು ನಕ್ಷತ್ರದಿಂದ ಗುರುತಿಸಿದೆವು. ನಮ್ಮ ತಂದೆಗೆ ಅಕ್ಷರ ಬಾರದು. ಆದರೆ ಭರಣಿಯಿಂದ ವಿಶಾಖೆಯವರೆಗೆ ಯಾವ ಮಳೆ ಎಂದು ಹುಟ್ಟುತ್ತದೆ, ಯಾವುದಕ್ಕೆ ಶೇಂಗಾ ಹಾಕಬೇಕು, ಯಾವುದು ಕೈಕೊಟ್ಟರೆ ಸಾಲ ಮಾಡಬೇಕು ಎಂಬುದೆಲ್ಲ ಅವರಿಗೆ ನಾಲಗೆಯ ತುದಿಯಲ್ಲಿದೆ. 'ಬಂದರೆ ಮಘೆ, ಹೋದರೆ ಹೊಗೆ' ಎಂಬ ಗಾದೆ ನಗರದವರಿಗೆ ಪ್ರಾಸ. ನಮ್ಮ ಮನೆಯಲ್ಲಿ ಅದು ವರ್ಷದ ಜಮಾಖರ್ಚು. ಸಾವಿರಾರು ಮೈಲಿ ದೂರದ ಎರಡು ಜನ ಮಳೆಯನ್ನು ಹೆಸರು ಹಿಡಿದು ಕರೆದರು. ಹೆಸರಿಟ್ಟು ಕರೆಯುವುದು ಬಾಗಿಲಿಗೆ ಬರಲಿ ಎಂಬ ಆಸೆಯಿಂದಲ್ಲವೆ?

ಕಳೆದ ಬೇಸಿಗೆಯ ರಜೆಯಲ್ಲಿ ಜಗುಲಿಯ ಮೇಲೆ ಕುಳಿತು ಈ ಕಥೆಯನ್ನೆಲ್ಲ ನಮ್ಮ ತಂದೆಗೆ ಹೇಳಿದೆ. ಅವರು ಕಾಮನಬಿಲ್ಲಿನ ವಿಷಯವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಅಲ್ಲ ಕಣಪ್ಪಾ, ಗುಡ್ಡದ ಆ ಕಡೆಯೋರಿಗೆ ಅಷ್ಟೊಂದು ಮಳೆ ಅಂತೀಯ. ಈ ಕಡೆಯೋರು ಸುಮ್ಮನೆ ಬಾಯಿ ಬಿಟ್ಟುಕೊಂಡು ಕೂತಿದ್ದರಾ?" ಎಂದು ಕೇಳಿದರು.

ಸುಮ್ಮನೆ ಕೂತಿರಲಿಲ್ಲ. ಓವಾಹು ದ್ವೀಪದ ಬೆನ್ನಿನ ಕಡೆಯ ಬಯಲಿನಲ್ಲಿ ಕಬ್ಬಿನ ದೊಡ್ಡ ತೋಟಗಳಿದ್ದವು. ಅವುಗಳಿಗಾಗಿ ಬೆಟ್ಟವನ್ನೇ ಕೊರೆದು ವೈಯಾಹೊಲೆ ಕಾಲುವೆಯನ್ನು 1916ರಲ್ಲಿ ಮುಗಿಸಿದರು. ಎದೆಯ ಕಡೆಯ ನೀರು ಬೆನ್ನಿನ ಕಡೆಗೆ ಹರಿಯಿತು, ಕಬ್ಬು ಬೆಳೆಯಿತು. ಆದರೆ ಆಚೆ ಕಡೆಯ ಹೊಳೆಗಳು ಬಡವಾದವು. ಆ ಹೊಳೆಗಳ ದಂಡೆಯಲ್ಲಿ ತಲೆಮಾರುಗಳಿಂದ ಕೆಸುವಿನ ಗದ್ದೆ ಮಾಡುತ್ತಿದ್ದವರಿದ್ದರು. ಮಲೆನಾಡಿನವರು ಪತ್ರೊಡೆಗೆ ಬಳಸುವ ಕೆಸುವಿನ ಜಾತಿಯೇ ಅದು. ಅಲ್ಲಿ ಅದರ ಗೆಡ್ಡೆ ಮುಖ್ಯ ಆಹಾರ. 1995ರಲ್ಲಿ ಆ ಕಬ್ಬಿನ ವ್ಯವಸಾಯ ನಿಂತಾಗ, ಇನ್ನು ನಮ್ಮ ನೀರು ನಮಗೆ ಬರಲಿ ಎಂದು ಅವರು ಕೇಳಿದರು. ವ್ಯಾಜ್ಯ ಬೆಳೆಯಿತು. 2000ದಲ್ಲಿ ಹವಾಯಿಯ ಸುಪ್ರೀಂ ಕೋರ್ಟು, ನೀರು ಯಾರೊಬ್ಬರ ಸೊತ್ತೂ ಅಲ್ಲ, ಸರ್ಕಾರ ಅದನ್ನು ಎಲ್ಲ ಜನರ ಪರವಾಗಿ ಕಾಯಬೇಕಾದ ನಿಧಿ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ನೀರಿನ ಒಂದು ಪಾಲು ಹೊಳೆಗಳಿಗೆ ಹಿಂತಿರುಗಿತು. ಹವಾಯಿ ಭಾಷೆಯಲ್ಲಿ 'ವೈ' ಎಂದರೆ ಸಿಹಿನೀರು. 'ವೈವೈ' ಎಂದರೆ ಐಶ್ವರ್ಯ. ಆ ಜನಕ್ಕೆ ಈ ತತ್ತ್ವವನ್ನು ಕೋರ್ಟು ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದರೆ ನಮಗೆ ಬರುತ್ತೆ ಅಂತಾರಲ್ಲ ಕಾಲುವೆ ನೀರು, ಅದು ಯಾರ ಹೊಳೇದು?" ಎಂದರು.

ತುಂಗೆಯ ನೀರನ್ನು ಭದ್ರೆಗೂ, ಭದ್ರೆಯಿಂದ ನಮ್ಮ ಒಣ ಬಯಲಿಗೂ ತರುವ ಭದ್ರಾ ಮೇಲ್ದಂಡೆ ಯೋಜನೆಯ ಮಾತು ನಮ್ಮ ಊರಿನ ಕಟ್ಟೆಯ ಮೇಲೆ ನಾನು ಹುಟ್ಟುವ ಮೊದಲಿನಿಂದ ನಡೆದಿದೆ. ಆ ನೀರು ಬೇಕು. ಅದರಲ್ಲಿ ನನಗೆ ಸಂದೇಹವಿಲ್ಲ. ಸಾವಿರ ಅಡಿ ಬೋರು ಕೊರೆಸಿ ದೂಳು ಕಂಡವರ ನಡುವೆ ಬೆಳೆದವನು ಬೇರೆ ಏನು ಹೇಳಿಯಾನು? ಕಬ್ಬಿನ ತೋಟದ ಧಣಿಗಳ ಬಾಯಾರಿಕೆಯೂ ಶೇಂಗಾ ಬೆಳೆಯುವವನ ಬಾಯಾರಿಕೆಯೂ ಒಂದೇ ಅಲ್ಲ. ಆದರೂ ತಂದೆಯ ಪ್ರಶ್ನೆ ಪ್ರಶ್ನೆಯೇ. ನೀರು ಪಡೆಯುವವನು ಅದನ್ನು ಕೇಳಿದ ಎಂಬುದು ನನಗೆ ದೊಡ್ಡದಾಗಿ ಕಂಡಿತು. ಕೇಳದೆ ಪಡೆದವರ ಕಥೆಯೇ ಲೋಕದಲ್ಲಿ ಹೆಚ್ಚು.

ಗಾಳಿಯ ಜಾಡೂ ಈಗ ಹಿಂದಿನಷ್ಟು ನೆಚ್ಚಿಕೆಯದಾಗಿ ಉಳಿದಿಲ್ಲ. ಹೊನೊಲುಲುವಿನಲ್ಲಿ 1973ರಲ್ಲಿ ವರ್ಷಕ್ಕೆ 291 ದಿನ ಬೀಸುತ್ತಿದ್ದ ಈಶಾನ್ಯದ ಗಾಳಿ 2009ರಲ್ಲಿ ಬೀಸಿದ್ದು 210 ದಿನ ಎಂದು ಅಲ್ಲಿನ ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದಾರೆ. 2023ರ ಆಗಸ್ಟಿನಲ್ಲಿ ಮಾವಿ ದ್ವೀಪದ ಬೆನ್ನಿನ ಕಡೆಯ ಲಹೈನಾ ಪಟ್ಟಣಕ್ಕೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ತೀರಿಹೋದರು. ಪಾಳುಬಿದ್ದ ತೋಟಗಳಲ್ಲಿ ಒಣಗಿ ನಿಂತ ಹುಲ್ಲು, ಬೆಟ್ಟದ ಮೇಲಿನಿಂದ ರಭಸದಿಂದ ಇಳಿದ ಗಾಳಿ, ಎರಡೂ ಸೇರಿದವು. ತಂಪು ತರುತ್ತಿದ್ದ ದಿಕ್ಕಿನಿಂದಲೇ ಉರಿ ಬಂದಿತು. ಆದರೆ ಹೊಲವನ್ನು ಪಾಳುಬಿಟ್ಟದ್ದು ಗಾಳಿಯಲ್ಲ.

ಗಾಳಿ ವ್ಯಾಪಾರ ಮಾಡುವುದಿಲ್ಲ. ಅದು ಎದೆಯ ಕಡೆಯವರಿಂದ ಬೆಲೆ ಪಡೆದು ಮಳೆ ಕೊಟ್ಟದ್ದೂ ಇಲ್ಲ, ಬೆನ್ನಿನ ಕಡೆಯವರ ಮೇಲೆ ಮುನಿದು ತಡೆದದ್ದೂ ಇಲ್ಲ. ಬೆಟ್ಟ ಎಲ್ಲಿದೆಯೋ ಅಲ್ಲಿ ಇಳಿಸಿ ಹೋಗುತ್ತದೆ. ತಕ್ಕಡಿ ಹಿಡಿಯುವುದು ಆಮೇಲೆ ನಾವು. ಹಿಡಿದ ಮೇಲೆ ಎರಡು ತಟ್ಟೆಗಳನ್ನೂ ನೋಡುವುದು ನ್ಯಾಯ. ನಮ್ಮ ಹೊಲದ ಬದುವಿಗೆ ಕಾಲುವೆಯ ನೀರು ಬಂದರೆ, ಅದು ಹೊರಟ ಹೊಳೆಯ ದಂಡೆಗೆ ಒಮ್ಮೆ ಹೋಗಿ, ಅಲ್ಲಿನವರ ಗದ್ದೆ ಹೇಗಿದೆ ಎಂದು ಕೇಳಿ ಬರಬೇಕೆಂದು ನಮ್ಮ ತಂದೆ ಹೇಳಿದ್ದಾರೆ. ಜೊತೆಗೆ ನಾನೂ ಹೋಗುತ್ತೇನೆ.