ಹಳದಿ ಎಲೆ ಮತ್ತು ಅಪ್ಪಯ್ಯ

ನವೆಂಬರ್ ಮೂರನೇ ವಾರ ಬಂತೆಂದರೆ ಡಲ್ಲಾಸ್ ಕಡೆಯ ನಮ್ಮ ಜನರ ವಾಟ್ಸಾಪ್ ಗುಂಪುಗಳಲ್ಲಿ ಬರೀ ಎಲೆಗಳದ್ದೇ ಫೋಟೋ. ಕೆಂಪು ಓಕ್ ಮರದ ಕೆಳಗೆ ಮಕ್ಕಳು, ಹಳದಿ ಎಲ್ಮ್ ಮರದ ಕೆಳಗೆ ಸೀರೆ ಉಟ್ಟ ಹೆಂಗಸರು, ಹಿಂದೆ ಕೆಂಡದ ಬಣ್ಣದ ಪಿಸ್ತಾಷ್ ಮರ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಅಕ್ಟೋಬರಿನಲ್ಲೇ ಕಾಣುವ ಈ ವೈಭವ ನಮ್ಮ ಟೆಕ್ಸಾಸಿಗೆ ಬರೋದು ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ. ಪ್ರತಿ ವರ್ಷ ನಾನೂ ಫೋಟೋ ಹಾಕುವವನೇ. 2022ರಲ್ಲಿ ಮಾತ್ರ ಹಾಕಲಿಲ್ಲ. ಆ ವರ್ಷ ಅಪ್ಪಯ್ಯ ನಮ್ಮ ಜೊತೆಗಿದ್ದರು.

ಸಾಗರದ ಕಡೆ ನಮ್ಮದು ಎರಡು ಎಕರೆ ಅಡಿಕೆ ತೋಟ. ಅಮ್ಮ ಹೋದ ಮೇಲೆ ಅಪ್ಪಯ್ಯ ಒಬ್ಬರೇ ಆಗಿದ್ದರು. ಒತ್ತಾಯ ಮಾಡಿ ಆರು ತಿಂಗಳ ಮಟ್ಟಿಗೆ ಪ್ಲೇನೊಗೆ ಕರೆಸಿಕೊಂಡಿದ್ದೆ. ಬಂದ ಮಾರನೇ ದಿನ ಬೆಳಿಗ್ಗೆ ವಾಕಿಂಗ್ ಹೊರಟೆವು. ಬೀದಿ ತುದಿಯ ಎಲ್ಮ್ ಮರ ಪೂರ್ತಿ ಹಳದಿಯಾಗಿ ನಿಂತಿತ್ತು. "ಚೆಂದ ಅಲ್ವಾ ಅಪ್ಪಯ್ಯ?" ಅಂದೆ. ಅವರು ಬಗ್ಗಿ ಒಂದು ಎಲೆ ಹೆಕ್ಕಿದರು. ತಿರುಗಿಸಿ ಹಿಂಬದಿ ನೋಡಿದರು. "ಇದಕ್ಕೆ ಎಂಥ ರೋಗ ಮಾರಾಯ?" ಅಂತ ಕೇಳಿದರು.

ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಆ ವರ್ಷ ಮಲೆನಾಡಿನಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಜೋರಾಗಿತ್ತು. ಸೋಗೆಯ ಮೇಲೆ ಮೊದಲು ಸಣ್ಣ ಕಂದು ಚುಕ್ಕಿ, ಅದರ ಸುತ್ತ ಹಳದಿ ಬಳೆ. ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಸೋಗೆ ಒಣಗಿ ಜೋತು ಬೀಳುತ್ತದೆ. ಶೃಂಗೇರಿ, ಕೊಪ್ಪದ ಕಡೆಯಲ್ಲಂತೂ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಲೇ ಇದೆ. ನಮ್ಮ ತೋಟದ ಕೆಳಗಿನ ತುಂಡಿಗೂ ಚುಕ್ಕಿ ಬಂದಿತ್ತು. ಎರಡು ಸಲ ಔಷಧಿ ಹೊಡೆಸಿ ಬಂದಿದ್ದರು. ಜೀವಮಾನವಿಡೀ ಹಳದಿ ಎಲೆ ಕಂಡರೆ ಎದೆ ಧಸಕ್ ಎನ್ನುವವರ ಮುಂದೆ ನಾನು ಚೆಂದ ಅಂದಿದ್ದೆ.

ಮನೆಗೆ ಬಂದು ವಿವರಿಸಿ ಹೇಳಿದೆ. ಹಗಲು ಚಿಕ್ಕದಾಗುತ್ತಾ ಬಂದಂತೆ ಎಲೆಯ ಹಸಿರು ಕರಗುತ್ತದೆ. ಹಳದಿ ಮೊದಲಿಂದಲೂ ಒಳಗೆ ಇದ್ದದ್ದೇ, ಹಸಿರು ಹೋದ ಮೇಲೆ ಕಾಣುತ್ತದೆ ಅಷ್ಟೆ. ಕೆಂಪನ್ನು ಮಾತ್ರ ಆಗ ಹೊಸದಾಗಿ ಮಾಡಿಕೊಳ್ಳುತ್ತದೆ. ಉದುರಿಸುವ ಮೊದಲು ಮರ ಎಲೆಯಲ್ಲಿರುವ ಸಾರಜನಕ, ರಂಜಕದ ದೊಡ್ಡ ಪಾಲನ್ನು ಒಳಗೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ ಕಳಚಿಬಿಡುತ್ತದೆ. ಹಳೇ ಮಷೀನನ್ನು ಗುಜರಿಗೆ ಹಾಕುವ ಮೊದಲು ಒಳ್ಳೆ ಬಿಡಿಭಾಗ ಬಿಚ್ಚಿಟ್ಟುಕೊಂಡ ಹಾಗೆ ಅಂದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದು ರೋಗ ಅಲ್ಲ, ವ್ಯವಹಾರ" ಅಂದರು.

ಅದಾದ ಮೇಲೆ ಅವರಿಗೆ ಇಲ್ಲಿನ ಮರಗಳ ಮೇಲೆ ಆಸಕ್ತಿ ಬಂತು. ಬೀದಿಯುದ್ದಕ್ಕೂ ಇರುವ ಕ್ರೇಪ್ ಮರ್ಟಲ್‌ನ ನುಣುಪು ಕಾಂಡ ಸವರಿ ನೋಡಿ, "ಇದು ನಮ್ಮ ನಂದಿ ಮರದ ಜಾತಿ" ಅಂದರು. ಹುಡುಕಿ ನೋಡಿದೆ, ಹೌದು, ಎರಡೂ ಒಂದೇ ಕುಲದವು. ಅಕ್ಕಪಕ್ಕದವರು ಎಲೆ ಗುಡಿಸಿ ಕಾಗದದ ಚೀಲಕ್ಕೆ ತುಂಬಿ ರಸ್ತೆ ಬದಿಗೆ ಇಡೋದು ಮಾತ್ರ ಅವರಿಗೆ ಸಹಿಸಲಾಗಲಿಲ್ಲ. ನಮ್ಮ ಕಡೆ ದರಗು ಅಂದರೆ ಆಸ್ತಿ. ಸೊಪ್ಪಿನ ಬೆಟ್ಟದಿಂದ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಜೊತೆ ಗೊಬ್ಬರ ಮಾಡಿ ಅಡಿಕೆ ಬುಡಕ್ಕೆ ಹಾಕೋದು. ಪ್ಲೇನೊ ನಗರದವರು ಇದನ್ನೆಲ್ಲ ಬೇರೆಯಾಗಿ ಒಯ್ದು, ಗೊಬ್ಬರ ಮಾಡಿ, 'ಟೆಕ್ಸಾಸ್ ಪ್ಯೂರ್' ಅಂತ ಹೆಸರಿಟ್ಟು ಮಾರುತ್ತಾರೆ ಅಂದಾಗ ನಕ್ಕರು. "ಬಿಟ್ಟಿ ಕೊಟ್ಟು ದುಡ್ಡು ಕೊಟ್ಟು ತರೋದಾ? ಅಕೌಂಟೆಂಟ್ ಆಗಿ ನೀನು ಎಂಥ ಮಾಡ್ತಾ ಇದೀಯ?"

ಒಂದು ಸಂಜೆ ಹಾಗೇ ಎಲೆ ಗುಡಿಸುತ್ತಾ, ನನ್ನ ಮುಖ ನೋಡದೆ ಹೇಳಿದರು: "ತೋಟ ಕೇಳಲಿಕ್ಕೆ ಬಂದಿದ್ರು. ಕೊಟ್ಟುಬಿಡೋಣ್ವಾ? ನೀನು ಬರೋದು ಹೌದೋ ಅಲ್ಲವೋ ಅಂತ ನಂಗೂ ಗೊತ್ತಾಗಬೇಕಲ್ಲ." ನಾನು "ನೋಡೋಣ ಅಪ್ಪಯ್ಯ" ಅಂದೆ. ಹೊರದೇಶದಲ್ಲಿರುವ ನಮಗೆಲ್ಲ ಬಾಯಿಪಾಠವಾದ ಮಾತು ಅದು.

ಡಿಸೆಂಬರ್ ರಜೆಯಲ್ಲಿ ಆಸ್ಟಿನ್‌ಗೆ ಹೋದೆವು. ಕೆಂಪು ಓಕ್‌ಗಳು ಬೋಳಾಗುತ್ತಿದ್ದರೂ ಅಲ್ಲಿನ ಲೈವ್ ಓಕ್‌ಗಳು ಹಸಿರಾಗೇ ಇದ್ದವು. ಬೇಲರ್ ಬೀದಿಯಲ್ಲಿ ಟ್ರೀಟಿ ಓಕ್ ಅಂತ ಒಂದು ಮರ, ಸುಮಾರು 500 ವರ್ಷದ್ದು. 1989ರಲ್ಲಿ ಒಬ್ಬ ಅದರ ಬುಡಕ್ಕೆ ಕಳೆನಾಶಕ ಸುರಿದ. ಊರವರು ಮಣ್ಣು ತೆಗೆಸಿ ಬೇರೆ ಹಾಕಿಸಿದರು, ಬಿಸಿಲಿಗೆ ಪರದೆ ಕಟ್ಟಿದರು. ಡಲ್ಲಾಸಿನ ಉದ್ಯಮಿ ರಾಸ್ ಪೆರೊ ಖರ್ಚಿಗೆ ಅಂತ ಮೊತ್ತವನ್ನೇ ಬರೆಯದ ಚೆಕ್ ಕೊಟ್ಟರು. ಆದರೂ ಮರದ ಮೂರನೇ ಎರಡು ಭಾಗ ಸತ್ತಿತು. ಉಳಿದ ಭಾಗ 1997ರಲ್ಲಿ ಮತ್ತೆ ಕಾಯಿ ಬಿಟ್ಟಿತು. ಅಪ್ಪಯ್ಯ ಕತ್ತರಿಸಿದ ಕಡೆಯನ್ನೇ ತುಂಬಾ ಹೊತ್ತು ನೋಡಿದರು. "ಒಂದು ಮರಕ್ಕೆ ಇಷ್ಟು ಜನ" ಅಂದರು. ತೋಟದ ಮಾತು ಎತ್ತಲಿಲ್ಲ.

ಜನವರಿಯಿಂದ ಏಪ್ರಿಲ್ 15ರವರೆಗೆ ನನಗೆ ಟ್ಯಾಕ್ಸ್ ಸೀಸನ್. ಉಸಿರಾಡಲಿಕ್ಕೂ ಬಿಡುವಿಲ್ಲ. ಯುಗಾದಿ ಬರೋದು ಸರಿಯಾಗಿ ಇದರ ನಡುವೆ. ಹಾಗಾಗಿ ಅಮೆರಿಕಕ್ಕೆ ಬಂದ ಮೇಲೆ ಒಂದೇ ಒಂದು ಯುಗಾದಿಗೂ ಊರಿಗೆ ಹೋಗಿಲ್ಲ. 2023ರ ಮಾರ್ಚಿನಲ್ಲಿ ಹೇಗೋ ಒಂದು ಶನಿವಾರ, ಭಾನುವಾರ ಬಿಡುವು ಮಾಡಿಕೊಂಡು, ಸ್ನೇಹಿತನ ಮನೆಗೆ ಅಂತ ಹ್ಯೂಸ್ಟನ್‌ಗೆ ಹೋದೆವು. ಬೆಳಿಗ್ಗೆ ರೈಸ್ ವಿಶ್ವವಿದ್ಯಾಲಯದ ಹತ್ತಿರ ನಡೆದೆವು. ಎರಡೂ ಬದಿಯ ಲೈವ್ ಓಕ್ ಕೊಂಬೆಗಳು ಮೇಲೆ ಕೂಡಿ ರಸ್ತೆಗೆ ಚಪ್ಪರ ಹಾಕಿದ ಹಾಗಿದ್ದವು. ಕಾಲಡಿಯಲ್ಲಿ ಮಾತ್ರ ಕಂದು ಎಲೆಗಳ ರಾಶಿ.

"ಇದೇನು, ಈಗ ಉದುರ್ತಾ ಇದೆ?" ಅಂದರು. ತಲೆಯೆತ್ತಿ ನೋಡಿದರೆ ಕೊಂಬೆ ತುದಿಯಲ್ಲೆಲ್ಲ ಎಳೇ ಚಿಗುರು. ಲೈವ್ ಓಕ್ ನವೆಂಬರಿನಲ್ಲಿ ಎಲೆ ಬಿಡೋದಿಲ್ಲ. ಚಳಿಗಾಲವೆಲ್ಲ ಹಳೇ ಎಲೆ ಹಿಡಿದುಕೊಂಡಿದ್ದು, ಹೊಸ ಚಿಗುರು ಬರುವಾಗ ಬಿಡುತ್ತದೆ. ನಮ್ಮೂರ ಹೊಂಗೆಯ ಹಾಗೆ. ಅಪ್ಪಯ್ಯನ ಮುಖ ಅರಳಿತು. "ಇದಕ್ಕೆ ಯುಗಾದಿ ಗೊತ್ತು ನೋಡು" ಅಂದರು. ನನ್ನ ತಲೆಯಲ್ಲಿ ಬಂದದ್ದು ಬೇರೆ. ಉಳಿದ ಮರಗಳೆಲ್ಲ ಇಲ್ಲಿನವರ ಹಾಗೆ ಡಿಸೆಂಬರಿಗೆ ಲೆಕ್ಕ ಮುಗಿಸುತ್ತವೆ, ಇದೊಂದು ಮಾತ್ರ ಇನ್ನೂ ನಮ್ಮ ಮಾರ್ಚ್ 31ರ ಲೆಕ್ಕದಲ್ಲೇ ಇದೆ.

ಅಪ್ಪಯ್ಯ ಏಪ್ರಿಲಿನಲ್ಲಿ ವಾಪಸ್ ಹೋದರು. ಹೊರಡುವಾಗಲೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತೋಟ ಇನ್ನೂ ಇದೆ. ಕೆಳಗಿನ ತುಂಡಿನಲ್ಲಿ ಕೆಲವು ಮರ ಹೋದವು, ಆ ಜಾಗಕ್ಕೆ ಹೊಸ ಸಸಿ ಹಾಕಿಸಿದ್ದಾರೆ. ಅಡಿಕೆ ಸಸಿ ಫಲ ಕೊಡಲಿಕ್ಕೆ ಐದಾರು ವರ್ಷ ಬೇಕು. ಎಪ್ಪತ್ತೇಳರ ಮನುಷ್ಯ ಅದನ್ನು ಯಾರಿಗಾಗಿ ನೆಟ್ಟರು ಅನ್ನೋದಕ್ಕೆ ಲೆಕ್ಕಪತ್ರ ಬೇಕಿಲ್ಲ.

ಈ ನವೆಂಬರಿನಲ್ಲಿ ನಾನು ಎಲೆಯನ್ನು ಚೀಲಕ್ಕೆ ತುಂಬಿಲ್ಲ. ಹಿತ್ತಲ ಮೂಲೆಯಲ್ಲಿ ಗುಡ್ಡೆ ಹಾಕಿ ನೀರು ಹಾಕುತ್ತಿದ್ದೇನೆ. ಆಫೀಸಿನಲ್ಲಿ, ಈ ಸಲ ಯುಗಾದಿಗೆ ಹತ್ತು ದಿನ ರಜೆ ಬೇಕೇ ಬೇಕು ಅಂತ ಈಗಲೇ ಬರೆದುಕೊಟ್ಟಿದ್ದೇನೆ. ಕೆಲವು ಗಿರಾಕಿಗಳ ರಿಟರ್ನ್ ಅಕ್ಟೋಬರ್ 15ಕ್ಕೆ ಹೋಗಬಹುದು, ಕಾನೂನಿನಲ್ಲಿ ಅವಕಾಶವಿದೆ. ಅಪ್ಪಯ್ಯನಿಗೆ ಫೋನ್ ಮಾಡಿ ಎರಡೂ ಹೇಳಿದೆ. ರಜೆಯ ವಿಷಯಕ್ಕೆ "ಹ್ಞೂಂ" ಅಂದರು. ಆಮೇಲೆ ಕೇಳಿದರು, "ದರಗಿಗೆ ಸಗಣಿ ಎಲ್ಲಿಂದ ತರ್ತೀಯ?"