ಕಾಪುವಿನ ಕಾವಲಿಯಲ್ಲಿ ಹವಾಯಿ

ಮೇ ತಿಂಗಳ ಸಂಜೆ ನಾಲ್ಕೂವರೆ. ಕಾಪುವಿನ ನಮ್ಮ ಅಡುಗೆಮನೆಯ ಹಿಂಬಾಗಿಲು ತೆರೆದೇ ಇದೆ, ಆದರೂ ಒಂದು ಎಲೆ ಅಲುಗುವುದಿಲ್ಲ. ಸೆಕೆ. ತೆಂಗಿನ ಮರಗಳ ಸಂದಿಯಲ್ಲಿ ದೀಪಸ್ತಂಭದ ತುದಿ ಕಾಣುತ್ತದೆ. ಬನ್ನಿ, ಮಣೆ ಎಳೆದುಕೊಂಡು ಕೂತುಕೊಳ್ಳಿ.

ಅಮ್ಮ ಮೆಟ್ಟುಕತ್ತಿಯ ಮುಂದೆ ಕೂತಾಗಿದೆ. ಕೈಯಲ್ಲಿರುವ ಅನಾನಸ್ ಕಾರ್ಕಳದ ಚಿಕ್ಕಮ್ಮನ ಗುಡ್ಡೆಯದು, ನಿನ್ನೆಯ ಬಸ್ಸಿನಲ್ಲಿ ಬಂದದ್ದು. ಸಿಪ್ಪೆ ಹೋದ ಮೇಲೂ ಕಣ್ಣುಗಳು ಓರೆಸಾಲಿನಲ್ಲಿ ಉಳಿಯುತ್ತವೆ. ಅದೇ ಓರೆಗೆ ಹಣ್ಣನ್ನು ತಿರುಗಿಸುತ್ತ ಅಮ್ಮ ಒಂದೊಂದೇ ಸಾಲು ತೆಗೆಯುತ್ತಾರೆ. ರಸ ಮೊಣಕೈವರೆಗೆ ಇಳಿಯುತ್ತಿದೆ. ವಾಸನೆ ನಿಮ್ಮ ಮೂಗಿಗೂ ಬಂತಲ್ಲ?

ಮಗಳು ಮಣಿಪಾಲದಿಂದ ಬ್ರೆಡ್ಡು, ಚೀಸು ತಂದಿದ್ದಾಳೆ. ಅಲ್ಲಿ ಗೆಳತಿಯರ ಜೊತೆ ತಿಂದ ಹವಾಯಿ ಸ್ಯಾಂಡ್‌ವಿಚ್ಚನ್ನು ಮನೆಯಲ್ಲೂ ಮಾಡಬೇಕೆಂಬ ಆಸೆ. ಹಸಿ ಹೋಳನ್ನೇ ಬ್ರೆಡ್ಡಿನ ಮೇಲಿಡಲು ಹೊರಟವಳನ್ನು ಅಮ್ಮ ತಡೆಯುತ್ತಾರೆ.

“ಹಸಿ ಇಡ್ಬೇಡ ಮಾರಾಯ್ತಿ, ಚೀಸ್ ಕಹಿ ಆಗ್ತದೆ.”

ಅಮ್ಮನ ಮಾತು ನಿಜ. ಹಸಿ ಅನಾನಸಿನ ಬ್ರೋಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಮೊಸರಿಗೆ ಹಸಿ ಹಣ್ಣು ಹಾಕಿಟ್ಟವರಿಗೆ ಆ ಕಹಿ ಗೊತ್ತು. ಬೇಯಿಸಿದರೆ ಅದರ ಆಟ ಮುಗಿಯಿತು.

ಬೇಯಿಸುವುದೇ ಆದರೆ ಉಡುಪಿಯವರಿಗೆ ದಾರಿ ಒಂದೇ: ಮೆಣಸ್ಕಾಯಿ. ಹೋಳುಗಳು ಅರಸಿನ, ಉಪ್ಪು, ಚೂರು ಹುಣಸೆ, ಒಂದು ಗಟ್ಟಿ ಬೆಲ್ಲದೊಡನೆ ಕುದಿಯತೊಡಗಿವೆ. ಪಕ್ಕದ ಒಲೆಯಲ್ಲಿ ಎರಡು ಚಮಚ ಎಳ್ಳು ಚಟಪಟ ಸಿಡಿಯುತ್ತಿದೆ. ಅದನ್ನು ತೆಗೆದು, ತೆಂಗಿನೆಣ್ಣೆಯಲ್ಲಿ ಒಂದು ಚಮಚ ಉದ್ದಿನಬೇಳೆ, ಐದು ಬ್ಯಾಡಗಿ ಮೆಣಸು. ಮುಷ್ಟಿ ಕಾಯಿತುರಿಯ ಜೊತೆ ಎಲ್ಲವನ್ನೂ ಗಟ್ಟಿಯಾಗಿ ರುಬ್ಬಿ ಪಾತ್ರೆಗೆ ಸುರಿದಾಗ ಕೆಂಪು ಏಳುವುದನ್ನು ಬಗ್ಗಿ ನೋಡಿ. ಊಟದ ಮೆಣಸ್ಕಾಯಿ ಅನ್ನಕ್ಕೆ ಕಲಸುವಷ್ಟು ತೆಳು. ಇದು ಹಾಗಾಗಬಾರದು, ಬ್ರೆಡ್ಡು ನೆನೆದು ಹೋಗುತ್ತದೆ. ಸೌಟು ಎಳೆದ ಗೆರೆ ಮುಚ್ಚಿಕೊಳ್ಳದಷ್ಟು ಆರಲಿ.

ಅದು ಆರುವಷ್ಟರಲ್ಲಿ ಒಂದು ಮಾತು. ಅಗೋ, ಆ ದೀಪಸ್ತಂಭ ಎದ್ದದ್ದು 1901ರಲ್ಲಿ. ಅದೇ ವರ್ಷ ಜೇಮ್ಸ್ ಡೋಲ್ ಹವಾಯಿಯಲ್ಲಿ ಅನಾನಸ್ ಕಂಪನಿ ಕಟ್ಟಿದ. ಅಲ್ಲಿನ ಡಬ್ಬಿಗಳು ಊರೂರು ಸುತ್ತಿ, ಅನಾನಸ್ ಬಿದ್ದ ತಿಂಡಿಗೆಲ್ಲ ಹವಾಯಿ ಎಂಬ ಹೆಸರಾಯಿತು. 1955ರಲ್ಲಿ ಜರ್ಮನಿಯ ಟಿ.ವಿ. ಬಾಣಸಿಗ ಕ್ಲೆಮೆನ್ಸ್ ವಿಲ್ಮೆನ್‌ರೋಡ್ ‘ಟೋಸ್ಟ್ ಹವಾಯಿ’ಯನ್ನು ಮನೆಮಾತು ಮಾಡಿದ: ಬ್ರೆಡ್ಡು, ಹ್ಯಾಮ್, ಅನಾನಸ್ ಬಿಲ್ಲೆ, ಚೀಸ್. 1962ರಲ್ಲಿ ಕೆನಡಾದ ಸ್ಯಾಮ್ ಪನೊಪೌಲೋಸ್ ಹಣ್ಣನ್ನು ಪಿಜ್ಜಾಕ್ಕೂ ಏರಿಸಿದ. ಹಣ್ಣಿನ ತವರು ಹವಾಯಿಯಲ್ಲ, ದಕ್ಷಿಣ ಅಮೆರಿಕ. ನಮ್ಮ ದೇಶಕ್ಕೆ ಪೋರ್ಚುಗೀಸರು ತಂದರು, ಅನಾನಸ್ ಎಂಬ ಹೆಸರಿನ ಸಮೇತ.

ನಮ್ಮದು ಸಸ್ಯಾಹಾರದ ಮನೆ, ಹ್ಯಾಮ್ ಇಲ್ಲ. ಆದರೆ ಅದು ಕೊಡುವ ಉಪ್ಪು, ಹೊಗೆ ಬೇಕಲ್ಲ! ಅದಕ್ಕೆ ಪಕ್ಕದ ಮಟ್ಟುವಿನ ಗುಳ್ಳ ಇದೆ. ಯತಿ ವಾದಿರಾಜರು ಕೊಟ್ಟ ಬೀಜವೆಂದು ಊರು ನಂಬುವ, 2011ರಲ್ಲಿ ಜಿಐ ಮಾನ್ಯತೆ ಪಡೆದ ತೆಳುಸಿಪ್ಪೆಯ ಬದನೆ. ಈ ಸಲದ ಕೊನೆಯ ಕೊಯ್ಲಿನದು. ಬಿಲ್ಲೆಗಳಿಗೆ ಉಪ್ಪು, ಮೆಣಸಿನ ಹುಡಿ ಸವರಿ ಕಾವಲಿಗೆ ಹಾಕಿ. ಅಂಚು ಕಪ್ಪಾಗುವ ತನಕ ಕೈ ಹಾಕಬೇಡಿ.

ಈಗ ಬ್ರೆಡ್ಡಿನ ಹೊರಮೈಗೆ ಬೆಣ್ಣೆ, ಒಳಗೆ ಮೆಣಸ್ಕಾಯಿ, ಮೇಲೆ ಗುಳ್ಳ, ಅದರ ಮೇಲೆ ಚೀಸ್. ಸಣ್ಣ ಉರಿಯ ಕಾವಲಿಯಲ್ಲಿಟ್ಟು, ನೀರು ತುಂಬಿದ ಚೆಂಬನ್ನು ಮೇಲೆ ಹೇರುತ್ತಾಳೆ ಮಗಳು. ಜುಂಯ್ ಎಂದು ಬೆಣ್ಣೆ ಕೂಗುತ್ತದೆ. ಮೂರು ನಿಮಿಷ, ಮಗುಚಿ ಮತ್ತೆ ಮೂರು.

ಕತ್ತರಿಸಿದಾಗ ಚೀಸ್ ದಾರದಂತೆ ಎಳೆಯುತ್ತದೆ. ಮೊದಲು ಗರಿಗರಿ, ಆಮೇಲೆ ಬೆಲ್ಲದ ಸಿಹಿ, ಹುಳಿ, ಎಳ್ಳಿನ ಕಂಪು. ಗಂಟಲಿಗೆ ಬಂದಾಗ ಬ್ಯಾಡಗಿಯ ಖಾರ. ಮಗಳು ಮಾತಾಡುತ್ತಿಲ್ಲ, ಎರಡನೆಯ ತುಂಡಿಗೆ ಕೈ ಚಾಚಿದ್ದಾಳೆ. ಡಬ್ಬಿಯ ಅನಾನಸಿಗೆ ಬರೀ ಸಿಹಿ ಇತ್ತು. ಜೊತೆಗೆ ಬೇಕಿದ್ದದ್ದೆಲ್ಲ ನಮ್ಮ ಹಬ್ಬದ ಬಾಳೆಲೆಯಲ್ಲಿ ಮೊದಲಿನಿಂದಲೂ ಇತ್ತು.

ಬಿಸಿ ಇರುವಾಗಲೇ ತಿನ್ನಿ. ಉಳಿದ ಮೆಣಸ್ಕಾಯಿ ರಾತ್ರಿಯ ಕುಚ್ಚಲಕ್ಕಿ ಗಂಜಿಗೆ ಇರಲಿ.