ಪಟ್ಟಿಯಿಂದ ಬಿಟ್ಟುಹೋದ ಹೆಸರು

ನಿವೃತ್ತನಾದ ಮೇಲೆ ನಾನು ಕಂಪ್ಯೂಟರ್ ಭಾಷೆಯೊಂದನ್ನು ಕಲಿಯುತ್ತಿದ್ದೇನೆಂದು ಕೇಳಿ ನಕ್ಕ ಶಿಷ್ಯರು ಇದನ್ನು ಓದುತ್ತಿರಬಹುದು. ನಗಲಿ, ಆ ಹಕ್ಕು ಅವರಿಗಿದೆ. ಬೀಜಗಣಿತದ ಲೆಕ್ಕ ತಪ್ಪಿದಾಗ ಅವರನ್ನು ನೋಡಿ ನಾನೂ ಎಷ್ಟೋ ಸಲ ನಕ್ಕವನೇ. ಇಂದು ಬರೆಯಹೊರಟಿರುವುದು ನನ್ನದೇ ಒಂದು ತಪ್ಪಿನ ವಿಷಯ.

ನಾನು ಆರಿಸಿಕೊಂಡದ್ದು ಪ್ಯಾಸ್ಕಲ್. ಮಗ ಈಗಿನ ಕಾಲದ ಬೇರೆ ಭಾಷೆಗಳ ಹೆಸರು ಹೇಳಿದ್ದ. ಆದರೆ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಇದನ್ನು ಪ್ರಕಟಿಸಿದ್ದು ವಿದ್ಯಾರ್ಥಿಗಳಿಗೆ ಶಿಸ್ತಿನಿಂದ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಸಲುವಾಗಿ ಎಂದು ಓದಿದ ಮೇಲೆ ನನ್ನ ಮನಸ್ಸು ಬೇರೆ ಕಡೆ ಹರಿಯಲಿಲ್ಲ. ಮೇಷ್ಟ್ರೊಬ್ಬರು ಪಾಠಕ್ಕೆಂದೇ ಮಾಡಿದ ಭಾಷೆ. ಇಟ್ಟ ಹೆಸರೂ ಗಣಿತಜ್ಞ ಬ್ಲೇಸ್ ಪ್ಯಾಸ್ಕಲನದು. (ವಿರ್ತ್ ಅವರು 2024ರ ಜನವರಿ 1ರಂದು ತೀರಿಕೊಂಡರು. ಆ ದಿನ ನನಗೆ ನನ್ನ ಬಿ.ಎಡ್. ಗುರುಗಳ ನೆನಪಾಯಿತು.) ಉಚಿತವಾಗಿ ದೊರೆಯುವ ಲಾಜರಸ್ ಎಂಬ ತಂತ್ರಾಂಶವನ್ನು ಮಗನೇ ಹಾಕಿಕೊಟ್ಟ.

2022ರಲ್ಲಿ ಸೊರಬದಲ್ಲಿ 1994ರ ಎಸ್ಸೆಸ್ಸೆಲ್ಸಿ ತಂಡದವರು ಗುರುವಂದನೆ ಏರ್ಪಡಿಸಿದರು. ಕರೆಯಬೇಕಾದವರ ಪಟ್ಟಿ ಸಿದ್ಧಪಡಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ಹಳೆಯ ಟಿಪ್ಪಣಿ ಪುಸ್ತಕದಲ್ಲಿ 58 ಹೆಸರುಗಳು ಶಾಲೆಗೆ ಸೇರಿದ ಕ್ರಮದಲ್ಲಿದ್ದವು. ಅವನ್ನು ಅಕಾರಾದಿಯಾಗಿ ಜೋಡಿಸಬೇಕಿತ್ತು. ಕೈಯಲ್ಲೇ ಬರೆದಿದ್ದರೆ ಒಂದು ಸಂಜೆಯ ಕೆಲಸ. ಆದರೆ ಹೊಸ ವಿದ್ಯೆಯ ಹುಮ್ಮಸ್ಸು ಸುಮ್ಮನಿರಗೊಡಬೇಕಲ್ಲ!

ವಿರ್ತರ ಮೂಲ ಪ್ಯಾಸ್ಕಲ್‌ನಲ್ಲಿ ಹೆಸರುಗಳ ಸಾಲು ಬೇಕಾದರೆ ಅದರಲ್ಲಿ ಎಷ್ಟು ಸ್ಥಾನಗಳಿರಬೇಕೆಂದು ಮೊದಲೇ ಹೇಳಬೇಕು. ತರಗತಿಯಲ್ಲಿ ಎಣಿಸಿ ಬೆಂಚು ಹಾಕಿದ ಹಾಗೆ. 1995ರಲ್ಲಿ ಬಂದ ಡೆಲ್ಫಿಯೊಂದಿಗೆ ಬಳಕೆಗೆ ಬಂದ ‘ಟಿಸ್ಟ್ರಿಂಗ್‌ಲಿಸ್ಟ್’ ಹಾಗಲ್ಲ. ಬಂದಷ್ಟು ಮಕ್ಕಳಿಗೂ ಅದು ಬೆಂಚು ಹಾಕಿಕೊಳ್ಳುತ್ತ ಹೋಗುತ್ತದೆ. ‘ಕ್ರಿಯೇಟ್’ ಎಂದು ಹುಟ್ಟಿಸಬೇಕು, ‘ಆಡ್’ ಎಂದು ಹೆಸರು ಸೇರಿಸಬೇಕು, ಕೆಲಸ ಮುಗಿದ ಮೇಲೆ ‘ಫ್ರೀ’ ಎಂದು ಮೆಮೊರಿಯನ್ನು ಹಿಂತಿರುಗಿಸಬೇಕು. ಗ್ರಂಥಾಲಯದ ಪುಸ್ತಕವನ್ನು ಮರಳಿಸದ ಹುಡುಗರಿಗೆ ಈ ಕೊನೆಯ ನಿಯಮ ಕಷ್ಟವಾದೀತು. ‘ಸಾರ್ಟೆಡ್’ ಎಂಬ ಗುಣಕ್ಕೆ ‘ಟ್ರೂ’ ಎಂದು ಕೊಟ್ಟರೆ ಬಂದ ಪ್ರತಿ ಹೆಸರೂ ತನ್ನ ಜಾಗಕ್ಕೆ ತಾನೇ ಹೋಗಿ ಕುಳಿತುಕೊಳ್ಳುತ್ತದೆ.

ಕನ್ನಡಕ್ಕೆ ಅಲ್ಲೊಂದು ತೊಡಕೂ ಇತ್ತು. ನಾನು ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಹೋಲಿಸುವಂತೆ ಮಾಡಿದ್ದೆ. ಯೂನಿಕೋಡ್‌ನಲ್ಲಿ ‘ಳ’ ಅಕ್ಷರ ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮುಂಚೆಯೇ ಇದೆ, ನಾವು ಕಲಿಸಿದ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ, ಕಟ್ಟಕಡೆಗೆ. ಹಾಗಾಗಿ ‘ಬಸವ’ನಿಗಿಂತ ಮೊದಲು ‘ಬಳ್ಳಿಗಾವಿ’ ಬಂದು ನಿಲ್ಲುತ್ತದೆ. ‘ಕಸ್ಟಮ್‌ಸಾರ್ಟ್’ ಎಂಬುದಕ್ಕೆ ನಮ್ಮದೇ ಹೋಲಿಕೆಯ ನಿಯಮವನ್ನು ಒದಗಿಸಿ ಇದನ್ನು ಸರಿಪಡಿಸಬಹುದೆಂದು ತಿಳಿದು, ಎರಡು ದಿನ ಅದಕ್ಕಾಗಿ ಹೆಣಗಿ, ಗೆದ್ದೆನೆಂದು ಬೀಗಿದೆ. ‘ಳ’ವನ್ನು ಕಾದ ನಾನು ಹೆಸರುಗಳನ್ನು ಎಣಿಸಲೇ ಇಲ್ಲ. ಗಣಿತದ ಮೇಷ್ಟ್ರು!

ಪಟ್ಟಿಯನ್ನು ಹಿಡಿದು ಮೂರ್ನಾಲ್ಕು ಮಂದಿ ಎಲ್ಲರಿಗೂ ಫೋನ್ ಮಾಡಿದರು. ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ತಿಂಗಳೊಂದು ಕಳೆದ ಮೇಲೆ ಸೊರಬದ ಬಸ್ ನಿಲ್ದಾಣದಲ್ಲಿ ಉಳವಿ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ ಕಾಲಿಗೆ ನಮಸ್ಕರಿಸಿದ. “ಗುರುವಂದನೆಗೆ ಯಾಕಪ್ಪ ಬರಲಿಲ್ಲ?” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನನ್ನು ಕರೆಯಲಿಲ್ಲ ಸಾರ್. ಪಟ್ಟಿ ನೀವೇ ಮಾಡಿದ್ದು ಅಂತ ಗೊತ್ತಾಯ್ತು. ನಾನು ಎರಡು ಸಲ ಕಟ್ಟಿ ಪಾಸಾದವನಲ್ಲವಾ, ಅದಕ್ಕೇ ಬಿಟ್ಟಿರಬೇಕು ಅಂದುಕೊಂಡೆ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಗೆ ಬಂದು ಎಣಿಸಿದೆ. ಪಟ್ಟಿಯಲ್ಲಿದ್ದವು 57 ಹೆಸರುಗಳು. ಆ ತರಗತಿಯಲ್ಲಿ ಒಂದೇ ಹೆಸರಿನ, ಒಂದೇ ಇನಿಷಿಯಲ್ಲಿನ ಇಬ್ಬರಿದ್ದರು. ಒಬ್ಬ ಚಂದ್ರಗುತ್ತಿ ಕಡೆಯವನು, ಇನ್ನೊಬ್ಬ ಇವನು. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಸಹಪಾಠಿಗಳಿಗೆ ಗೊತ್ತಾಗುತ್ತದೆ. ಟಿಸ್ಟ್ರಿಂಗ್‌ಲಿಸ್ಟ್‌ನಲ್ಲಿ ‘ಡ್ಯೂಪ್ಲಿಕೇಟ್ಸ್’ ಎಂಬ ಗುಣವೊಂದಿದೆ. ಇದ್ದ ಹೆಸರೇ ಮತ್ತೆ ಬಂದರೆ ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಮೂರು ದಾರಿಗಳು: ‘ಡೂಪ್‌ಆಕ್ಸೆಪ್ಟ್’ ಎಂದರೆ ಸೇರಿಸಿಕೊಳ್ಳುವುದು, ‘ಡೂಪ್‌ಎರರ್’ ಎಂದರೆ ತಪ್ಪೆಂದು ಕೂಗಿ ಹೇಳುವುದು, ‘ಡೂಪ್‌ಇಗ್ನೋರ್’ ಎಂದರೆ ಸದ್ದಿಲ್ಲದೆ ಬಿಟ್ಟುಬಿಡುವುದು. ನಾವೇನೂ ಹೇಳದಿದ್ದರೆ ಅದು ಹಿಡಿಯುವುದು ಮೂರನೆಯ ದಾರಿಯನ್ನು. ‘ಸಾರ್ಟೆಡ್’ ಆಗಿದ್ದಾಗ ಮಾತ್ರ ಈ ಗುಣಕ್ಕೆ ಬೆಲೆ. ನಾನೋ ಮೊದಲ ಹೆಸರು ಸೇರಿಸುವ ಮುನ್ನವೇ ‘ಸಾರ್ಟೆಡ್’ ಮಾಡಿದ್ದೆ. ಯಂತ್ರ ಹೇಳಿದ್ದನ್ನಷ್ಟೇ ಮಾಡಿತು. ಹಾಜರಿ ಕೂಗುವಾಗ ಇಬ್ಬರನ್ನೂ ಊರಿನ ಹೆಸರು ಸೇರಿಸಿ ಕರೆಯುತ್ತಿದ್ದವನು ನಾನೇ, ಮರೆತವನೂ ನಾನೇ.

ಮರುದಿನ ಪ್ರೋಗ್ರಾಂ ತಿದ್ದಿದೆ. ‘ಡೂಪ್‌ಆಕ್ಸೆಪ್ಟ್’ ಹಾಕಿದೆ. ‘ಆಡ್‌ಆಬ್ಜೆಕ್ಟ್’ ಬಳಸಿ ಪ್ರತಿ ಹೆಸರಿನ ಬೆನ್ನಿಗೂ ದಾಖಲಾತಿ ಸಂಖ್ಯೆ, ಊರು, ಫೋನ್ ನಂಬರುಗಳಿರುವ ವಸ್ತುವೊಂದನ್ನು ಕಟ್ಟಿದೆ. (ಪಟ್ಟಿಯನ್ನು ಬಿಡುಗಡೆ ಮಾಡಿದರೆ ಈ ವಸ್ತುಗಳು ತಾವಾಗಿ ಹೋಗುವುದಿಲ್ಲ, ‘ಓನ್ಸ್‌ಆಬ್ಜೆಕ್ಟ್ಸ್’ ಎಂದು ಮೊದಲೇ ಹೇಳಿರಬೇಕು.) ಈಗ ಇಬ್ಬರೂ ಒಬ್ಬರ ಕೆಳಗೊಬ್ಬರು ಇದ್ದಾರೆ.

ಆ ಭಾನುವಾರ ಉಳವಿಯ ಬಸ್ ಹಿಡಿದು ಅವನ ಮನೆಗೆ ಹೋದೆ. ಡೂಪ್‌ಇಗ್ನೋರ್ ಕಥೆಯನ್ನು ಅವನಿಗೆ ಎಷ್ಟು ವಿವರಿಸಿದರೂ ಪೂರ್ತಿ ನಂಬಿದನೆಂದು ನನಗನ್ನಿಸಲಿಲ್ಲ. ಅವನ ಹೆಂಡತಿ ಊಟಕ್ಕೆ ನಿಲ್ಲಿಸಿಕೊಂಡರು.

1994ರ ತಂಡದವರಲ್ಲಿ ಇನ್ನು ಯಾರಿಗಾದರೂ ಅಂದು ಕರೆ ಬಂದಿರದಿದ್ದರೆ ದಯವಿಟ್ಟು ತಿಳಿಸಿರಿ. ದಾಖಲಾತಿ ಸಂಖ್ಯೆ ನೆನಪಿಲ್ಲದಿದ್ದರೆ ಊರಿನ ಹೆಸರು ಸಾಕು.